ಕೊಳವೆಯಿಲ್ಲದ ತಂಪು

ಸೆಕೆಯನ್ನು ಸಹಿಸಿಕೊಳ್ಳುವವರ ಬಗ್ಗೆ ನನಗೆ ಗೌರವವಿದೆ. ಸೆಕೆಯೇ ಆಗುವುದಿಲ್ಲ ಎನ್ನುವವರನ್ನು ಕಂಡರೆ ಮಾತ್ರ ಅನುಮಾನ. ನಾನಂತೂ ಶಿವರಾತ್ರಿ ಮುಗಿದ ಮಾರನೆಯ ದಿನದಿಂದಲೇ ಸೆರಗಿನ ತುದಿಯಲ್ಲಿ ಗಾಳಿ ಹಾಕಿಕೊಳ್ಳಲು ಶುರುಮಾಡುವವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ದಿನಗಳಲ್ಲಿ ಹುಡುಗಿಯರು ಬರೆದ ಪ್ರಬಂಧದ ಪುಸ್ತಕಗಳು ಮೊದಲು ಬೀಸಣಿಗೆಯಾಗಿ, ಆಮೇಲೆ ತಿದ್ದುವುದಕ್ಕೆ ಒದಗುತ್ತಿದ್ದವು. ದಪ್ಪ ರಟ್ಟು ಹಾಕಿಸಿದ ಪುಸ್ತಕದವರಿಗೆ ಮೇಡಂ ಒಂದೆರಡು ಅಂಕ ಜಾಸ್ತಿ ಕೊಡುತ್ತಾರೆ ಎಂಬ ಮಾತು ಶಾಲೆಯಲ್ಲಿ ಓಡಾಡುತ್ತಿತ್ತು. ಅದು ಸುಳ್ಳು. ಆದರೆ ಅಂಥವರ ಪುಸ್ತಕವನ್ನು ನಾನು ಬೇಗ ವಾಪಸು ಕೊಡುತ್ತಿರಲಿಲ್ಲ ಎಂಬುದು ನಿಜ.

ಹಳೆಯ ಕಾವ್ಯಗಳಲ್ಲಿ ಬೇಸಿಗೆ ಬಂತೆಂದರೆ ರಾಜರು ಧಾರಾಗೃಹ ಹೊಗುತ್ತಾರೆ. ಸುತ್ತ ನೀರಿನ ಚಿಲುಮೆ, ಬಾಗಿಲಿಗೆ ಲಾವಂಚದ ಪರದೆ, ಗಂಧ ತೇಯ್ದು ಕೊಡುವ ಸಖಿಯರು. ಈ ಭಾಗವನ್ನು ಓದಿ ಹೇಳುವಾಗ ನನ್ನ ದನಿಗೆ ಎಲ್ಲಿಲ್ಲದ ಭಾವ ಬಂದುಬಿಡುತ್ತಿತ್ತು. ವಿರಹದ ಪದ್ಯಕ್ಕೂ ಅಷ್ಟು ಬರುತ್ತಿರಲಿಲ್ಲ. ಆ ಚಿಲುಮೆಗಳಿಗೆ ನೀರು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಮಾತ್ರ ಯಾವ ಕವಿಯೂ ಹೇಳುವುದಿಲ್ಲ. ಬಂಗಾರಪೇಟೆಯಲ್ಲಿ ನಲ್ಲಿಯಲ್ಲಿ ನೀರು ಬಿಡುವ ದಿನಕ್ಕೆ ಕಾದು ಕೊಡ ಜೋಡಿಸಿದವರಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ.

ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯವರೆಲ್ಲ ಉರಿಗಾಮಿನ ಚಿನ್ನದ ಗಣಿಯ ಕೆಲಸಗಾರರ ಲೈನುಮನೆಯಲ್ಲಿದ್ದರು. ಮಾವ ವೆಂಕಟಪ್ಪನವರು ಗಣಿಯ ಆಳದಲ್ಲಿ ದುಡಿದವರು. ಅವರು ನಿವೃತ್ತರಾದ ಮೇಲೆ, ತೊಂಬತ್ತರ ದಶಕದ ಮೊದಲಲ್ಲಿ, ಬಂಗಾರಪೇಟೆಯಲ್ಲಿ ಮನೆ ಕಟ್ಟಿಸಿದೆವು. ನಮ್ಮ ಯಜಮಾನರು ಶಿವಣ್ಣ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿದ್ದರು. ನನ್ನ ಶಾಲೆಯೂ ಹತ್ತಿರವೇ ಇತ್ತು. ಊರವರೆಲ್ಲ ಮೆಚ್ಚುವ ಹಾಗೆ ಕಾಂಕ್ರೀಟಿನ ತಾರಸಿ ಹಾಕಿಸಿದೆವು. ಆ ತಾರಸಿಯ ಗುಣ ಗೊತ್ತಾದದ್ದು ಮೊದಲ ಏಪ್ರಿಲಿನಲ್ಲಿ. ಅದು ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಾಗುತ್ತಿದ್ದ ಹಾಗೆ ನಿಧಾನವಾಗಿ ನಮ್ಮ ನೆತ್ತಿಯ ಮೇಲೆ ಇಳಿಸುತ್ತಿತ್ತು. ಫ್ಯಾನು ಆ ಕಾವನ್ನು ಮನೆಮಂದಿಗೆಲ್ಲ ಪಕ್ಷಪಾತವಿಲ್ಲದೆ ಹಂಚುತ್ತಿತ್ತು.

ಹೀಗಿರುವಾಗ ಒಂದು ದಿನ ನಮ್ಮ ಶಾಲೆಯ ಡ್ರಾಯಿಂಗ್ ಮೇಡಂ ಹೊಟ್ಟೆನೋವೆಂದು ರಾಬರ್ಟ್‌ಸನ್‌ಪೇಟೆಯ ಡಾಕ್ಟರೊಬ್ಬರ ಹತ್ತಿರ ಸ್ಕ್ಯಾನಿಂಗಿಗೆ ಹೊರಟರು. ಜೊತೆಗೆ ನಾನೂ ಹೋದೆ. ಆ ಕೋಣೆಯೊಳಗೆ ಕಾಲಿಟ್ಟ ಗಳಿಗೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಹೊರಗೆ ಡಾಂಬರು ಕರಗುವ ಮಧ್ಯಾಹ್ನ. ಒಳಗೆ ಕಾರ್ತಿಕ ಮಾಸ. ಏಸಿ ಎಂಬುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ ಎಂದಲ್ಲ. ಬೆಂಗಳೂರಿನ ಸಿನಿಮಾ ಥಿಯೇಟರಿನಲ್ಲಿ ಚಾವಣಿಯ ದೊಡ್ಡ ದೊಡ್ಡ ಕೊಳವೆಗಳ ಬಾಯಿಂದ ತಂಪು ಸುರಿಯುವುದನ್ನು ಕಂಡಿದ್ದೆ. ಬ್ಯಾಂಕಿನ ಮ್ಯಾನೇಜರ ಕೋಣೆಯಲ್ಲಿ ಕಿಟಕಿ ಕಿತ್ತು ಅದರ ಜಾಗದಲ್ಲಿ ಟ್ರಂಕು ತುರುಕಿದ ಹಾಗಿದ್ದ ಯಂತ್ರವನ್ನೂ ಕಂಡಿದ್ದೆ. ಅದರ ಗದ್ದಲದಲ್ಲಿ ಮ್ಯಾನೇಜರು ಕೂಗಿ ಮಾತಾಡುತ್ತಿದ್ದರು. ಇಲ್ಲಿ ಅದಾವುದೂ ಇಲ್ಲ. ಗೋಡೆಯ ಮೇಲೆ, ದೇವರ ಪಟ ತೂಗುಹಾಕುವ ಎತ್ತರದಲ್ಲಿ, ಉದ್ದನೆಯ ಬಿಳಿ ಪೆಟ್ಟಿಗೆ. ಕೊಳವೆಯಿಲ್ಲ, ಸದ್ದಿಲ್ಲ, ಕಿಟಕಿ ಕಿಟಕಿಯಾಗಿಯೇ ಇದೆ. ಗದ್ದಲ ಮಾಡುವ ಭಾಗವನ್ನು ಮನೆಯ ಹೊರಗೆ ಕೂರಿಸಿ, ತಂಪಿನ ಭಾಗವನ್ನು ಮಾತ್ರ ಒಳಗಿಟ್ಟಿದ್ದಾರೆ. ಇಷ್ಟು ಬುದ್ಧಿವಂತಿಕೆಯ ಏರ್ಪಾಡನ್ನು ಕೆಲವು ಸಂಸಾರಗಳಲ್ಲೂ ಮಾಡಬಹುದಲ್ಲ ಎಂದು ನನಗೆ ಅನ್ನಿಸಿತು.

ಸ್ಕ್ಯಾನಿಂಗ್ ಬೇಗ ಮುಗಿಯಿತು. ಮೇಡಂಗೆ ಏನೂ ತೊಂದರೆ ಇರಲಿಲ್ಲ. "ಇನ್ನೊಂದು ಸಲ ಸರಿಯಾಗಿ ನೋಡಿಬಿಡಿ ಡಾಕ್ಟ್ರೇ," ಎಂದೆ. ಡಾಕ್ಟರು ನಕ್ಕು, ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, "ಇದು ಮಾರೋದಕ್ಕಿದೆ. ನಾನು ಮುಂದಿನ ತಿಂಗಳು ಬೆಂಗಳೂರಿಗೆ ಹೋಗ್ತಿದ್ದೀನಿ," ಎಂದರು. ಅವರ ಫ್ರಿಜ್ಜು, ಏಸಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಸೆಲ್ವರಾಜನನ್ನು ಕಾಣಿ ಎಂದೂ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಡ್ರಾಯಿಂಗ್ ಮೇಡಂ ತಮ್ಮ ಹೊಟ್ಟೆಯ ಬಗ್ಗೆ ಹೇಳುತ್ತಲೇ ಇದ್ದರು. ನನ್ನ ತಲೆಯಲ್ಲಿ ಮಲಗುವ ಕೋಣೆಯ ನಾಲ್ಕು ಗೋಡೆಗಳು ಸುತ್ತುತ್ತಿದ್ದವು. ಪೂರ್ವದ ಗೋಡೆಯೋ, ಉತ್ತರದ ಗೋಡೆಯೋ?

ಮನೆಯಲ್ಲಿ ಸುದ್ದಿ ಬಿಚ್ಚಿದಾಗ ಮಾವ ಪತ್ರಿಕೆ ಮಡಚಿ ಕೆಳಗಿಟ್ಟರು. ಅವರು ಹಾಗೆ ಮಾಡುವುದು ಅಪರೂಪ.

"ಕೊಳವೆ ಎಷ್ಟ್ ದಪ್ಪ ಅಮ್ಮ?" ಎಂದರು.

"ಕೊಳವೆ ಇಲ್ಲ ಮಾವ. ಅದೇ ಇದರ ವಿಶೇಷ."

"ಕೊಳವೆ ಇಲ್ದೆ ತಂಪುಗಾಳಿ ಎಂಗ್ ಬತ್ತದೆ?"

ಯಂತ್ರದ ತಂಪಿನ ವಿಷಯದಲ್ಲಿ ಮಾವನಿಗೆ ನಮ್ಮೆಲ್ಲರಿಗಿಂತ ಹಳೆಯ ಅನುಭವವಿತ್ತು. ಗಣಿಯಲ್ಲಿ ಕೆಳಗೆ ಇಳಿದಷ್ಟೂ ಬಂಡೆ ಬಿಸಿ. ಬರಿಗೈಯಲ್ಲಿ ಮುಟ್ಟಿದರೆ ಕೈ ಚುರುಗುಟ್ಟುವಷ್ಟು. ಅಲ್ಲಿಗೆ ಮೇಲಿನಿಂದ ಯಂತ್ರದಲ್ಲಿ ತಣಿಸಿದ ಗಾಳಿಯನ್ನು ಕಳಿಸುತ್ತಿದ್ದರು. ತಬ್ಬಿಕೊಂಡರೆ ಎರಡು ಕೈಯೂ ಸೇರದಷ್ಟು ದಪ್ಪನೆಯ ತಗಡಿನ ಕೊಳವೆಯ ಬಾಯಿಯ ಎದುರು ಕೂತು ಬುತ್ತಿ ಬಿಚ್ಚುವುದೆಂದರೆ ಸ್ವರ್ಗ ಎಂದು ಅವರು ಹೇಳುತ್ತಿದ್ದರು. ಬೆಂಗಳೂರಿನ ಸಾಹುಕಾರರಿಗೆ ಏಸಿ ಎಂಬ ಶಬ್ದ ಗೊತ್ತಾಗುವ ಮೊದಲೇ ನಾನು ಅದರ ಕೆಳಗೆ ರಾಗಿಮುದ್ದೆ ತಿಂದವನು ಎಂಬುದು ಅವರ ಹೆಮ್ಮೆ. ಆದ್ದರಿಂದ ಕೊಳವೆಯಿಲ್ಲದ ಏಸಿ ಎಂದರೆ ಅವರಿಗೆ ಚಕ್ರವಿಲ್ಲದ ಎತ್ತಿನ ಗಾಡಿ ಇದ್ದ ಹಾಗೆ.

ಮುಂದಿನ ಭಾನುವಾರ ಸೆಲ್ವರಾಜ್ ಬಂದ. ಮಾರಿಕುಪ್ಪಂ ಕಡೆಯವನು, ತಮಿಳಿನ ಮೇಲೆ ಕನ್ನಡ ಸವರಿದ ಹಾಗೆ ಅವನ ಮಾತು. ಯಂತ್ರ ಮಾರುವುದಕ್ಕೆ ಬಂದವನಿಗಿಂತ ಹೆಣ್ಣು ನೋಡುವುದಕ್ಕೆ ಬಂದವನ ಹಾಗೆ ಗಂಭೀರವಾಗಿದ್ದ. "ಮೊದಲು ವೋಲ್ಟೇಜ್ ಪಾಕ್ಕಣುಂ ಮೇಡಂ, ನೋಡ್ಬೇಕು," ಎಂದು ಮೀಟರು ಚುಚ್ಚಿ ನೋಡಿದ. ಮುಖ ಹುಳ್ಳಗೆ ಮಾಡಿದ. ಸ್ಟೆಬಿಲೈಸರ್ ಇಲ್ಲದೆ ಆಗದು. ಕೋಣೆಯ ಉದ್ದಗಲ ಟೇಪಿನಲ್ಲಿ ಅಳೆದ. ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ಹಿಡಿದು, ಜ್ವರ ನೋಡುವವನ ಹಾಗೆ ಕಣ್ಣು ಮುಚ್ಚಿಕೊಂಡ. ಗವಾಕ್ಷಿಗಳಿಗೆ ರಟ್ಟು ಹೊಡೆಯಬೇಕು, ಬಾಗಿಲ ಕೆಳಗಿನ ಸಂದು ಮುಚ್ಚಬೇಕು, ಹೊರಗಿನ ಪೆಟ್ಟಿಗೆಗೆ ಹಿತ್ತಲಿನಲ್ಲಿ ನೆರಳಿನ ಜಾಗ ಬೇಕು, ಒಳಗಿನದರಿಂದ ತೊಟ್ಟಿಕ್ಕುವ ನೀರಿಗೆ ದಾರಿ ಬೇಕು. ಇಷ್ಟೂ ಒಗ್ಗಿದರೆ ಈ ಮನೆಗೆ ಏಸಿ ಹಿಡಿಸುತ್ತದೆ ಎಂದ.

"ಗಾಳಿ ಎಲ್ಲಿಂದ ಬತ್ತದಪ್ಪ?" ಎಂದು ಮಾವ ತಮ್ಮ ಪ್ರಶ್ನೆಯನ್ನೇ ಹಿಡಿದಿದ್ದರು.

"ಹೊರಗಿಂದ ಗಾಳಿ ಬರೋದೇ ಇಲ್ಲ ತಾತಾ. ಒಳಗಡೆ ಇರೋ ಗಾಳೀನೇ ಎಳ್ಕೊಳ್ಳುತ್ತೆ, ಅದರ ಬಿಸಿ ಮಾತ್ರ ತಾಮ್ರದ ಸಣ್ಣ ಪೈಪಲ್ಲಿ ಹೊರಗೆ ಕಳಿಸುತ್ತೆ. ತಂಪಾದ ಗಾಳಿ ತಿರುಗಾ ಒಳಗೇನೇ."

ಮಾವ ಇದನ್ನು ಸ್ವಲ್ಪ ಹೊತ್ತು ಅಗಿದು ನೋಡಿದರು. "ಅಂದ್ರೆ ನಾನ್ ಬಿಟ್ಟ ಉಸಿರನ್ನೇ ತಣ್ಣಗ್ ಮಾಡಿ ನನ್ಗೇ ಕೊಡ್ತದೆ. ಎಂಜಲು ಗಾಳಿ."

ಅಷ್ಟು ಸಾಕಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಮುನಿಯಮ್ಮನವರಿಗೆ ಬೇಕಾಗಿದ್ದ ಶಬ್ದ ಸಿಕ್ಕಿಬಿಟ್ಟಿತು. ಎಂಜಲು ಗಾಳಿಯನ್ನು ಯಾರು ಉಸಿರಾಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಹಾಡುಹಗಲು ಕಿಟಕಿ ಬಾಗಿಲು ಮುಚ್ಚಿಕೊಂಡು ಯಾರು ಬದುಕುತ್ತಾರೆ? "ಬಾಗ್ಲಾಕ್ಕೊಂಡ್ರೆ ಬಂದೋರು ಎಂಗ್ ಬರೋದು? ಮನ್ಯಾಗೆ ಯಾರೂ ಇಲ್ಲ ಅಂತ ಓಗ್ಬಿಡ್ತಾರೆ," ಎಂದರು. ನಮ್ಮ ಮನೆಗೆ ಬರುವವರು ಅಷ್ಟೇನೂ ಇರಲಿಲ್ಲ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರು ಎಂದು ನಾನು ಕೇಳಲೂ ಇಲ್ಲ. ನನ್ನ ಕಣ್ಣೆಲ್ಲ ಉತ್ತರದ ಗೋಡೆಯ ಮೇಲಿತ್ತು.

ಕೊನೆಗೆ ಸೆಲ್ವರಾಜನೇ ಒಂದು ದಾರಿ ಹೇಳಿದ. ಡಾಕ್ಟರು ಒಪ್ಪಿದ್ದಾರೆ, ಬೇಸಿಗೆ ಮುಗಿಯುವ ತನಕ ಹಾಕಿ ನೋಡಿ, ಮನೆಗೆ ಹಿಡಿಸದಿದ್ದರೆ ತಾನೇ ಬಿಚ್ಚಿಕೊಂಡು ಹೋಗುತ್ತೇನೆ ಎಂದ. ನಮ್ಮ ಯಜಮಾನರು ನನ್ನ ಮುಖ ನೋಡಿ, ನಾನು ಬಾಯಿ ತೆರೆಯುವ ಮೊದಲೇ, "ಆಯ್ತು, ಹಾಕಪ್ಪ," ಎಂದರು. ಅಷ್ಟು ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತವರು. ಎದುರಿಗಿರುವವರು ಯಾವ ಊರಿಗೆ ಹೊರಟಿದ್ದಾರೆಂದು ಮುಖ ನೋಡಿಯೇ ಹೇಳಬಲ್ಲರು.

ಯಂತ್ರ ಬಂತು. ಉತ್ತರದ ಗೋಡೆಗೆ ಏರಿತು. ಸ್ವಿಚ್ ಒತ್ತಿದ ಸ್ವಲ್ಪ ಹೊತ್ತಿಗೆ ನಮ್ಮ ಮಲಗುವ ಕೋಣೆಯೊಳಗೆ ನಂದಿಬೆಟ್ಟದ ಬೆಳಗು ಬಂದು ಕೂತಿತು. ನಾನು ಸಂತೋಷ ತಡೆಯಲಾರದೆ ಕೋಣೆಯೊಳಗಿಂದ ಹೊರಗೆ, ಹೊರಗಿಂದ ಒಳಗೆ ನಾಲ್ಕಾರು ಸಲ ಓಡಾಡಿದೆ. ಎರಡು ಋತುಗಳ ನಡುವೆ ಒಂದು ಹೊಸಿಲು ಮಾತ್ರ. ನಮ್ಮ ಯಜಮಾನರು ಬೀರುವಿನಿಂದ ಶಾಲು ತೆಗೆದು ಹೊದ್ದುಕೊಂಡು ಕೂತರು, ಚಳಿಯಾಗಿ ಅಲ್ಲ, ಏಪ್ರಿಲಿನಲ್ಲಿ ಶಾಲು ಹೊದೆಯುವುದು ಹೇಗಿರುತ್ತದೆ ಎಂದು ನೋಡುವುದಕ್ಕೆ. ಪಕ್ಕದ ಮನೆಯವರು, ಎದುರುಮನೆಯವರು ಬಂದು ಯಂತ್ರದ ಕೆಳಗೆ ನಿಂತು ಮುಖ ಎತ್ತಿ, ತೀರ್ಥ ತೆಗೆದುಕೊಂಡವರ ಹಾಗೆ ಹೊರಟುಹೋದರು.

ತೊಡಕು ಶುರುವಾದದ್ದು ಮಲಗುವ ಹೊತ್ತಿಗೆ. ಇಡೀ ಮನೆಯಲ್ಲಿ ಬಾಗಿಲು ಗಟ್ಟಿಯಾಗಿ ಮುಚ್ಚಿಕೊಳ್ಳುವ ಕೋಣೆ ಅದೊಂದೇ, ಅದು ನಮ್ಮಿಬ್ಬರದು. ಹಜಾರದಲ್ಲಿ ಅತ್ತೆ ಮಾವ ಬೆವರುತ್ತ ಮಲಗಿರುವಾಗ, ನಾವು ಒಳಗೆ ಬಾಗಿಲು ಹಾಕಿಕೊಂಡು ತಣ್ಣಗಿರುವುದು ಹೇಗೆ? ನೀವು ಒಳಗೆ ಮಲಗಿ ಎಂದು ಅವರಿಗೆ ಹೇಳಿದೆವು. ಅತ್ತೆ ಒಪ್ಪಲಿಲ್ಲ. ಎಲ್ಲರೂ ಒಟ್ಟಿಗೆ ಮಲಗೋಣ ಎಂದೆವು. ಅದಕ್ಕೂ ಅವರು ತಾರಸಿಯ ಮೇಲೆ ಚಾಪೆ ಹಾಸಿ ಉತ್ತರ ಕೊಟ್ಟರು. ಅವರ ಹಿಂದೆ ಮಾವ ಹೋದರು, ಮಾವನ ಹಿಂದೆ ಯಜಮಾನರು, ಅವರ ಹಿಂದೆ ಮುಖ ಊದಿಸಿಕೊಂಡು ನಾನು. ಮಕ್ಕಳಿಬ್ಬರೂ ರಜೆಗೆ ಕೋಲಾರದ ನನ್ನ ತವರಿಗೆ ಹೋಗಿದ್ದರು. ಇದ್ದಿದ್ದರೆ ಅವರ ನೆಪದಲ್ಲಾದರೂ ಒಳಗೆ ಮಲಗಬಹುದಿತ್ತು. ಊರಿಗೆಲ್ಲ ಏಸಿಯವರ ಮನೆ ಎನ್ನಿಸಿಕೊಂಡು ನಾವು ಆಕಾಶ ನೋಡುತ್ತ ಸೊಳ್ಳೆ ಹೊಡೆದುಕೊಂಡೆವು. ಏಸಿ ನಮ್ಮ ಗೋಡೆಗೆ ಒಗ್ಗಿತ್ತು, ವೋಲ್ಟೇಜಿಗೆ ಒಗ್ಗಿತ್ತು. ಮನೆಗೆ ಮಾತ್ರ ಒಗ್ಗಿರಲಿಲ್ಲ.

ಹೀಗೇ ಕೆಲವು ದಿನ ಹೋದ ಮೇಲೆ ಒಂದು ಮಧ್ಯಾಹ್ನ ಪಾಪಮ್ಮಕ್ಕ ಬಂದರು. ನಮ್ಮ ಯಜಮಾನರ ಅಕ್ಕ. ಬೇತಮಂಗಲದ ದಾರಿಯಲ್ಲಿ ಒಂದು ಹಳ್ಳಿಗೆ ಕೊಟ್ಟಿತ್ತು. ಒಂದು ಬಸ್ಸಿನ ದಾರಿಯಾದರೂ ಅವರು ತವರಿಗೆ ಬರುತ್ತಿದ್ದದ್ದು ಕಡಿಮೆ, ಬಂದರೂ ಸಂಜೆಯ ಬಸ್ಸಿಗೆ ಹೊರಟುಬಿಡುವವರು. ಹಸು, ಹಾಲಿನ ಡೈರಿ, ಹಿಪ್ಪುನೇರಳೆ ತೋಟ, ರೇಷ್ಮೆಹುಳು, ಯಾವುದೂ ಅವರನ್ನು ಒಂದು ದಿನವೂ ಬಿಡುತ್ತಿರಲಿಲ್ಲ. ಅವತ್ತು ಅವರು ನಮ್ಮ ಟೇಬಲ್ ಫ್ಯಾನ್ ಕೇಳಿಕೊಂಡು ಹೋಗುವುದಕ್ಕೆ ಬಂದಿದ್ದರು. ಮುಖ ಬಾಡಿತ್ತು.

ಕಾರಣ ಹುಳು. ಅಣ್ಣತಮ್ಮಂದಿರು ಪಾಲಾದ ಮೇಲೆ ಬಾವಿಯ ಪಕ್ಕದ ತೋಟ ಪಾಪಮ್ಮಕ್ಕನ ಗಂಡನ ಪಾಲಿಗೆ ಬಂದಿತ್ತು. ಊರಿನಲ್ಲಿ ಎಲ್ಲರೂ ಸಾಕುತ್ತಿದ್ದದ್ದು ಹಳದಿ ಗೂಡು ಕಟ್ಟುವ ಹುಳು. ಇವರು ಧೈರ್ಯ ಮಾಡಿ ಬಿಳಿ ಗೂಡಿನ ಹೊಸ ಜಾತಿಯ ಮೊಟ್ಟೆ ತಂದಿದ್ದರು, ನೋಡುವುದಕ್ಕೆಂದು ಸ್ವಲ್ಪವೇ. ಆ ಜಾತಿಯ ಹುಳುವಿನ ನೂಲು ನಯ, ಆದರೆ ಬಿಸಿಲು ತಡೆಯುವುದಿಲ್ಲ. ಅದರಲ್ಲೂ ದೊಡ್ಡದಾದ ಮೇಲೆ ತಂಪು ಬೇಕೇ ಬೇಕು. ಬೇಸಿಗೆಯಲ್ಲಿ ಇಡಬೇಡ ಎಂದು ಊರೆಲ್ಲ ಹೇಳಿತ್ತು. ಮೈದುನನಂತೂ, ಈ ಬೆಳೆ ಕೈಕೊಟ್ಟರೆ ಹುಳುವಿನ ಹುಚ್ಚು ಬಿಟ್ಟು ತೋಟವನ್ನು ನನಗೇ ಗುತ್ತಿಗೆಗೆ ಕೊಡಿ, ಟೊಮ್ಯಾಟೊ ಇಡುತ್ತೇನೆ ಎಂದಿದ್ದ. ಪಾಪಮ್ಮಕ್ಕನ ಗಂಡ ಮೆತ್ತಗಿನ ಮನುಷ್ಯ, ಅರ್ಧ ಒಪ್ಪಿಯೂ ಬಿಟ್ಟಿದ್ದರು. ಪಾಪಮ್ಮಕ್ಕ ಕೈಯಾರೆ ಬೆಳೆಸಿದ ತೋಟ ಅದು. ಈಗ ನೋಡಿದರೆ ಹುಳುಗಳು ಸೊಪ್ಪಿನ ಮೇಲೆ ತಲೆ ಎತ್ತಿಕೊಂಡು ಸುಮ್ಮನೆ ಇವೆ, ಮೇಯುತ್ತಿಲ್ಲ.

"ಮೂರನೇ ಜ್ವರ ಎದ್ದವೆ ಕಣಮ್ಮ, ಇನ್ ಮೇಲೇನೆ ಜಾಸ್ತಿ ಮೇಯ್ಬೇಕು," ಎಂದರು ಅತ್ತೆಗೆ. ಹುಳುಗಳು ಪೊರೆ ಬಿಡುವಾಗ ಮೇವು ಬಿಟ್ಟು ಮಂಕಾಗಿರುವುದನ್ನು ಅವರು ಜ್ವರ ಎನ್ನುತ್ತಾರೆ. "ಇಂಗೇ ಇನ್ನೊಂದೆರಡು ದಿನ ಬಿಸ್ಲು ಕಾಯ್ದ್ರೆ ಎಲ್ಲಾನೂ ತಿಪ್ಪೇಗ್ ಸುರೀಬೇಕು."

ಬಿಸಿಲಲ್ಲಿ ಬಂದ ಮಗಳು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಅತ್ತೆಯೇ, "ಒಳಕ್ ಓಗಿ ಕುಂತ್ಕೋ ಓಗು. ಅದೇನೋ ತಂಪಿನ ಮಿಷಿನ್ ತಂದವ್ರೆ," ಎಂದರು. ನಾನು ಓಡಿಹೋಗಿ ಸ್ವಿಚ್ ಒತ್ತಿದೆ. ಪಾಪಮ್ಮಕ್ಕ ಕೂರಲಿಲ್ಲ. ಕೋಣೆಯ ನಡುವೆ ನಿಂತರು. ಗಾಳಿಗೆ ಕೈಯೊಡ್ಡಿದರು. ಗೋಡೆ ಮುಟ್ಟಿ ನೋಡಿದರು. ಮಂಚದಿಂದ ಬೀರುವಿನವರೆಗೆ ಹೆಜ್ಜೆ ಹಾಕಿದರು. ಅಳೆಯುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು.

"ವಿಮಲಾ," ಎಂದರು, "ನನ್ ಉಳ ಇಲ್ಲಿಕ್ಕಂಡ್ರೆ ನೀನ್ ಬ್ಯಾಸರ ಮಾಡ್ಕೊಂತೀಯಾ?"

ನಿಜ ಹೇಳುತ್ತೇನೆ, ನನಗೆ ಬೇಸರವಾಗುವ ಬದಲು ಮೈಯಲ್ಲಿ ಮಿಂಚು ಹರಿದ ಹಾಗಾಯಿತು. ಎಷ್ಟೋ ದಿನದಿಂದ ಸುಮ್ಮನೆ ಗೋಡೆಗೆ ಅಂಟಿಕೊಂಡಿದ್ದ ನನ್ನ ಧಾರಾಗೃಹಕ್ಕೆ ಕೊನೆಗೂ ಯಾರೋ ಬರುವವರಿದ್ದರು.

ಮಾರನೆಯ ದಿನ ಬಿಸಿಲೇರುವ ಮೊದಲೇ ಒಂದು ಟೆಂಪೋ ನಮ್ಮ ಮನೆಯ ಮುಂದೆ ನಿಂತಿತು. ಮಂಚ ಹಜಾರಕ್ಕೆ ಹೋಯಿತು. ಬಿದಿರಿನ ಸ್ಟ್ಯಾಂಡುಗಳು ಒಳಗೆ ಬಂದವು. ಅವುಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿದ ದುಂಡನೆಯ ದೊಡ್ಡ ತಟ್ಟೆಗಳು ಒಂದರ ಮೇಲೊಂದು ಕೂತವು. ಬಟ್ಟೆ ಸರಿಸಿದಾಗ ನೋಡಿದೆ: ಅಕ್ಕಿನುಚ್ಚು ಬಣ್ಣದ ಹುಳುಗಳು, ಲೆಕ್ಕವಿಲ್ಲದಷ್ಟು. ಪಾಪಮ್ಮಕ್ಕ ಬಾಗಿಲಲ್ಲೇ ನಿಂತು ನಿಯಮಗಳನ್ನು ಹೇಳಿದರು. ಊದುಬತ್ತಿ ಹಚ್ಚುವಂತಿಲ್ಲ. ಸೊಳ್ಳೆಬತ್ತಿ ಕೂಡದು. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ತಮ್ಮನನ್ನು ಒಂದು ಸಲ ಮೂಸಿ ನೋಡಿ, "ಲೇ ಶಿವಣ್ಣ, ಪೌಡರ್ ಆಕ್ಕೊಂಡು ಈ ಕಡೆ ತಲೆ ಆಕ್ಬೇಡ ಕಣ್ಲಾ," ಎಂದರು. ನಮ್ಮ ಯಜಮಾನರು ಆ ಬೇಸಿಗೆಯೆಲ್ಲ ಪೌಡರಿಲ್ಲದೆ ಟಿಕೆಟ್ ಕೊಟ್ಟರು.

ತಂಪು ತಗಲಿದ ಸ್ವಲ್ಪ ಹೊತ್ತಿಗೆಲ್ಲ ಹುಳುಗಳು ತಲೆ ತಗ್ಗಿಸಿ ಮೇಯಲು ಶುರುಮಾಡಿದವು. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟ ಮೇಲೆ ಮೊದಲು ಒಂದು ಮೌನವಿರುತ್ತದೆ, ಆಮೇಲೆ ಎಲ್ಲ ಹುಡುಗಿಯರೂ ಒಟ್ಟಿಗೆ ಬರೆಯಲು ಹಿಡಿದಾಗ ಒಂದು ಸದ್ದು ಏಳುತ್ತದೆ. ಅದೇ ಸದ್ದು. ಪಾಪಮ್ಮಕ್ಕ ಆ ಸದ್ದು ಕೇಳುತ್ತ ಗೋಡೆಗೊರಗಿ ಕೂತುಬಿಟ್ಟರು. ಅವರ ಮುಖ ನೋಡಿ, ಈ ತಂಪು ಹುಳುವಿಗಿಂತ ಮೊದಲು ಅವರಿಗೆ ತಗಲಿತೆಂದು ನನಗನ್ನಿಸಿತು.

ಒಂದು ತೊಂದರೆ ಬೇಗನೆ ಗೊತ್ತಾಯಿತು. ಯಂತ್ರ ತಂಪು ಕೊಡುವುದರ ಜೊತೆಗೆ ಗಾಳಿಯ ತೇವವನ್ನೂ ಹೀರಿಬಿಡುತ್ತಿತ್ತು, ಸೊಪ್ಪು ಬಾಡುತ್ತಿತ್ತು. ಪಾಪಮ್ಮಕ್ಕ ಗೋಣಿಚೀಲ ನೆನೆಸಿ ಗೋಡೆಯ ಸುತ್ತ ತೂಗುಹಾಕಿದರು. ಅಷ್ಟು ನೀರೆಲ್ಲಿಂದ ತರುವುದು ಎಂದು ಅತ್ತೆ ಮತ್ತು ನಾನು ಮುಖ ನೋಡಿಕೊಂಡಾಗ, ಯಂತ್ರದಿಂದ ತೊಟ್ಟಿಕ್ಕಿ ಹಿತ್ತಲಿನ ಬಕೆಟ್ಟಿಗೆ ಬೀಳುತ್ತಿದ್ದ ನೀರು ನೆನಪಾಯಿತು. ಗಾಳಿಯಿಂದ ಹಿಂಡಿದ ನೀರು ಗೋಣಿಯ ಮೂಲಕ ಮತ್ತೆ ಗಾಳಿಗೇ ಹೋಯಿತು. ಮಾವನ ಎಂಜಲು ಗಾಳಿಯ ಸಿದ್ಧಾಂತಕ್ಕೂ ಮನ್ನಣೆ ಸಿಕ್ಕಿತು. ಮುಚ್ಚಿದ ಕೋಣೆಯಲ್ಲಿ ಹುಳುಗಳಿಗೂ ಉಸಿರು ಕಟ್ಟುತ್ತದೆಂದು ಪಾಪಮ್ಮಕ್ಕ ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ಬಾಗಿಲು ತೆರೆಸುತ್ತಿದ್ದರು. ಆಗೆಲ್ಲ ಮಾವ ಬಾಗಿಲ ಪಕ್ಕ ನಿಂತು, "ನಾನ್ ಏಳಿರ್ಲಿಲ್ವಾ?" ಎನ್ನುವ ಹಾಗೆ ಕೆಮ್ಮುತ್ತಿದ್ದರು.

ದಿನವೂ ಬೆಳಿಗ್ಗೆಯ ಬಸ್ಸಿನ ಟಾಪಿನ ಮೇಲೆ ಪಾಪಮ್ಮಕ್ಕನ ಗಂಡ ಹಸಿ ಸೊಪ್ಪಿನ ಮೂಟೆ ತಂದು ಇಳಿಸಿ ಹೋಗುತ್ತಿದ್ದರು. ಪಾಪಮ್ಮಕ್ಕ ನಮ್ಮ ಮನೆಯಲ್ಲೇ ಉಳಿದರು. ಸೊಪ್ಪು ಕತ್ತರಿಸುವಾಗ, ತಟ್ಟೆ ಬದಲಿಸುವಾಗ ತಾಯಿ ಮಗಳು ಮಾತಾಡುತ್ತಲೇ ಇರುತ್ತಿದ್ದರು. ಕನ್ನಡದಲ್ಲಿ ಶುರುವಾದ ಮಾತು ಯಾವಾಗಲೋ ತೆಲುಗಿಗೆ ಹೊರಳುತ್ತಿತ್ತು. ನಮ್ಮ ಅತ್ತೆಗೆ ಮುದ್ದು ಬಂದರೆ ತೆಲುಗು ಬರುತ್ತಿತ್ತು.

ಹುಳುಗಳು ಕೊನೆಯ ಜ್ವರ ಎದ್ದು, ಬೆರಳಿನಷ್ಟು ದಪ್ಪವಾಗಿ, ಹಗಲು ಇರುಳೆನ್ನದೆ ಮೇಯುತ್ತಿದ್ದ ಹೊತ್ತಿನಲ್ಲಿ ಆ ದಿನ ಬಂತು. ಬೆಳಿಗ್ಗೆಯೇ ಬೀದಿಯ ಕೊನೆಯಲ್ಲಿ ಢಂ ಎಂದು ಸದ್ದಾಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಏಸಿ ನಿಂತಿತು. ಮಧ್ಯಾಹ್ನ ಹತ್ತಿರವಾದ ಹಾಗೆ ನಮ್ಮ ಕಾಂಕ್ರೀಟಿನ ತಾರಸಿ ತನ್ನ ಕೆಲಸಕ್ಕೆ ಇಳಿಯಿತು. ಕೋಣೆಯೊಳಗೆ ಮೇಯುವ ಸದ್ದು ಕಡಿಮೆಯಾಗುತ್ತ ಬಂತು. ಆ ಸದ್ದು ಇಲ್ಲದಿರುವುದು ಎಷ್ಟು ಭಯ ಹುಟ್ಟಿಸುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು. ಪಾಪಮ್ಮಕ್ಕ ಅಳಲಿಲ್ಲ. ಒಂದೊಂದೇ ತಟ್ಟೆಗೆ ಕಿವಿಯಿಟ್ಟು ನೋಡುತ್ತಿದ್ದರು.

ನಮ್ಮ ಯಜಮಾನರು ರಜೆ ಹಾಕಿ ಕರೆಂಟಿನ ಆಫೀಸಿಗೆ ಹೋಗಿ ಕೂತರು. ಯಾರನ್ನೂ ಗದರಿಸುವ ಸ್ವಭಾವ ಅವರದಲ್ಲ. ಅಲ್ಲಿನ ಬೆಂಚಿನಲ್ಲಿ ಕೂತು, ಹಾದುಹೋದವರಿಗೆಲ್ಲ ಹುಳುವಿನ ಕಥೆಯನ್ನು ಮೊದಲಿಂದ ಹೇಳಿದರಂತೆ. ಇತ್ತ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ನಮಗೆ ಗೊತ್ತಾಗಲಿಲ್ಲ. ತೆರೆದರೆ ಬಿಸಿಗಾಳಿ, ಮುಚ್ಚಿದರೆ ಉಬ್ಬೆ. ಪಾಪಮ್ಮಕ್ಕ ತೆರೆಯಿರಿ ಎಂದರು. ತೆರೆದ ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಕಟ್ಟಿದೆವು. ಮಾವ ಗವಾಕ್ಷಿಯ ರಟ್ಟುಗಳನ್ನು ಕೋಲಿನಿಂದ ಬಡಿದು ಬೀಳಿಸಿದರು. ತಾರಸಿಯ ಮೇಲೆ ರಾಗಿಹುಲ್ಲು ಹರಡಿ ನೀರು ಹೊಯ್ಯಬೇಕು. ಅದು ನೀರು ಬಿಡುವ ದಿನವಲ್ಲ. ನಾನು ಪಕ್ಕದ ಮನೆಗೆ ಹೋಗಿ ಕೇಳಿದೆ. ಏಸಿಯ ಕೆಳಗೆ ಮುಖ ಎತ್ತಿ ನಿಂತು ಹೋಗಿದ್ದ ನೆರೆಯವರೆಲ್ಲ ಈಗ ತಮ್ಮ ಪಾಲಿನ ನೀರು ಹೊತ್ತು ನಮ್ಮ ಮೆಟ್ಟಿಲು ಹತ್ತಿದರು. ಬೇತಮಂಗಲದ ಕೆರೆಯಿಂದ ನಮ್ಮೂರ ನಲ್ಲಿಗೆ ಅಷ್ಟು ದೂರ ಬಂದ ನೀರು, ಒಬ್ಬೊಬ್ಬರ ಮನೆಯ ಒಂದೊಂದು ಬಿಂದಿಗೆ.

ಒಳಗೆ ಬಂದು ನೋಡಿದರೆ ಅತ್ತೆ ನೆಲದ ಮೇಲೆ ಕೂತು, ಅಕ್ಕಿ ಕೇರುವ ಮೊರ ಹಿಡಿದು ಕೆಳಗಿನ ತಟ್ಟೆಗಳಿಗೆ ಗಾಳಿ ಹಾಕುತ್ತಿದ್ದರು. "ತಿನಂಡಿ, ತಿನಂಡಮ್ಮಾ," ಎಂದು ಹುಳುಗಳನ್ನು ತೆಲುಗಿನಲ್ಲಿ ರಮಿಸುತ್ತಿದ್ದರು. ನನ್ನ ಮಕ್ಕಳು ಊಟಕ್ಕೆ ಹಟ ಮಾಡಿದಾಗ ಕೇಳಿದ್ದ ದನಿ ಅದು. ನಾನೂ ಒಂದು ಪ್ರಬಂಧದ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತೆ. ಕೈ ಸೋತರೆ ಇನ್ನೊಂದು ಕೈ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಯಂತ್ರ ಒಂದು ಸಲ ಮಿಣುಕಿ, ಯೋಚಿಸಿ, ಉಸಿರೆಳೆದುಕೊಂಡಿತು. ಮೇಲಿನ ಒಂದೆರಡು ತಟ್ಟೆಯ ಹುಳುಗಳು ಹೋಗಿದ್ದವು. ಉಳಿದವು ನಿಧಾನವಾಗಿ ಸೊಪ್ಪಿಗೆ ಬಾಯಿ ಹಾಕಿದವು. ಮತ್ತೆ ಆ ಬರೆಯುವ ಸದ್ದು ಎದ್ದಾಗ ಪಾಪಮ್ಮಕ್ಕ ಅಮ್ಮನ ಕೈಯಿಂದ ಮೊರ ತೆಗೆದು ಗೋಡೆಗೆ ಒರಗಿಸಿದರು, ಆಮೇಲೆ ಅಮ್ಮನ ಕೈಯನ್ನೇ ಹಿಡಿದುಕೊಂಡು ನೀವತೊಡಗಿದರು.

ಅದಾಗಿ ಕೆಲವೇ ದಿನಕ್ಕೆ ಹುಳು ಹಣ್ಣಾದವು. ಮೈ ಪಾರದರ್ಶಕವಾಗಿ, ಮೇವು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ಅವುಗಳನ್ನು ಆರಿಸಿ ಆರಿಸಿ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿಗಳಿಗೆ, ಅಂದರೆ ಚಂದ್ರಿಕೆಗಳಿಗೆ, ಬಿಟ್ಟೆವು. ನೋಡುತ್ತಿದ್ದ ಹಾಗೆ ನಮ್ಮ ಮಲಗುವ ಕೋಣೆಯ ತುಂಬ ಬಿಳಿ ಗೂಡು ಅರಳಿತು. ಗೂಡಿನ ಮಾರ್ಕೆಟ್ಟಿನಲ್ಲಿ ವ್ಯಾಪಾರಿ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಈ ಬಿಸಿಲಲ್ಲಿ ಎಲ್ಲಿ ಬೆಳೆದಿರಿ ಎಂದು ಕೇಳಿದನಂತೆ. "ನಮ್ಮಮ್ಮನ ಮನ್ಯಾಗೆ," ಎಂದರಂತೆ ಪಾಪಮ್ಮಕ್ಕ. ಗುತ್ತಿಗೆಯ ಮಾತು ಅಲ್ಲಿಗೆ ನಿಂತಿತು. ಮುಂದಿನ ವಾರ ಅದೇ ಮೈದುನ ಬಂದು, ಬಿಳಿ ಜಾತಿಯ ಮೊಟ್ಟೆ ಎಲ್ಲಿ ಕೊಡುತ್ತಾರೆಂದು ಅತ್ತಿಗೆಯನ್ನು ವಿಚಾರಿಸಿಕೊಂಡು ಹೋದ.

ಬೇಸಿಗೆ ಇಳಿದು ಮೊದಲ ಮಳೆ ಬಿದ್ದ ಮೇಲೆ ಸೆಲ್ವರಾಜ್ ಬಂದ. ಕೈಯಲ್ಲಿ ಸ್ಪ್ಯಾನರಿನ ಚೀಲ. "ಏನು ಮೇಡಂ, ಮನೆಗೆ ಹಿಡಿಸ್ತಾ, ಇಲ್ವಾ?" ಎಂದ. ಪಾಪಮ್ಮಕ್ಕ ಅವತ್ತು ಊರಿಗೆ ಹೊರಟಿದ್ದರು, ಹಿತ್ತಲಿನಲ್ಲಿ ತಟ್ಟೆಗಳನ್ನು ತೊಳೆದು ಹಗ್ಗದಲ್ಲಿ ಕಟ್ಟುತ್ತಿದ್ದರು. ನಾನು ಯಜಮಾನರ ಮುಖ ನೋಡಿದೆ, ಅವರು ಮಾವನ ಮುಖ ನೋಡಿದರು, ಮಾವ ಯಂತ್ರದ ಮುಖ ನೋಡಿದರು. ಹಿಡಿಸಿತು ಎನ್ನಲು ನಮ್ಮಲ್ಲಿ ಯಾರೂ ಅದರ ಕೆಳಗೆ ಒಂದು ದಿನವೂ ಮಲಗಿರಲಿಲ್ಲ. ಹಿಡಿಸಲಿಲ್ಲ ಎನ್ನಲು ನನಗೆ ನಾಲಿಗೆ ಬರಲಿಲ್ಲ.

"ಇರ್ಲಿ ಬಿಡಪ್ಪ," ಎಂದರು ಅತ್ತೆ ಅಡುಗೆಮನೆಯಿಂದ.

"ಅಮ್ಮಾ, ನಿಮಗೆ ಎಂಜಲು ಗಾಳಿ ಆಗಲ್ಲ ಅಂದ್ರಿ," ಎಂದ ಸೆಲ್ವರಾಜ್.

"ನಂಗಾಗಲ್ಲ. ಇದಿದ್ರೆ ನನ್ ಮಗ್ಳು ಬತ್ತಾಳೆ."

ಹಿತ್ತಲಿನಲ್ಲಿ ಹಗ್ಗ ಕಟ್ಟುತ್ತಿದ್ದ ಸದ್ದು ನಿಂತಿತು. ಸೆಲ್ವರಾಜ್ ಚೀಲ ಹೆಗಲಿಗೇರಿಸಿಕೊಂಡು, ಸ್ಟೆಬಿಲೈಸರ್ ಮೇಲೆ ಬಟ್ಟೆ ಹೊದಿಸಬೇಡಿ ಎಂದಷ್ಟೇ ಹೇಳಿ ಹೊರಟುಹೋದ.

ಒಂದು ಮನೆಗೆ ಏಸಿ ಒಗ್ಗುತ್ತದೆಯೇ ಎಂದು ನೋಡುವುದಕ್ಕೆ ಅವನು ಕೋಣೆಯ ಉದ್ದಗಲ, ಬಿಸಿಲು ಬೀಳುವ ಗೋಡೆ, ವೋಲ್ಟೇಜು ಎಲ್ಲವನ್ನೂ ಅಳೆದಿದ್ದ. ಬೇಸಿಗೆಯಲ್ಲಿ ಆ ಮನೆಯವರು ಯಾರಿಗಾಗಿ ಕಾಯುತ್ತಾರೆ ಎಂದು ಕೇಳುವುದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮುಂದಿನ ವರ್ಷ ಏಪ್ರಿಲಿನಲ್ಲಿ ಪಾಪಮ್ಮಕ್ಕ ಬಂದರು. ಟೆಂಪೋ ಇಲ್ಲ, ತಟ್ಟೆ ಇಲ್ಲ, ಕೈಯಲ್ಲಿ ಒಂದು ಬಟ್ಟೆಯ ಬ್ಯಾಗು.

"ಹುಳು ಎಲ್ಲಿ ಅಕ್ಕ?" ಎಂದೆ.

"ಈ ಸಲ ಬೆಳೆ ಇಕ್ಕಿಲ್ಲ," ಎಂದರು. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಸ್ವಲ್ಪ ನಾಚಿಕೆಯಿಂದ, "ಸೆಕೆ ತಡ್ಯಾಕಾಗ್ಲಿಲ್ಲ, ಅದ್ಕೇ ಬಂದೆ," ಎಂದರು.

ಬಿಸಿಲಲ್ಲಿ ತೋಟ ಅಗೆಯುವ ಹೆಂಗಸು. ಹೇಳುವುದಕ್ಕೆ ಬೇರೆ ಯಾವ ನೆಪವೂ ಸಿಕ್ಕಿರಲಾರದು. ಅವತ್ತು ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಮುಚ್ಚಿ ಏಸಿ ಹಾಕಿ, ನಾವು ಮೂವರು ಹೆಂಗಸರೂ ಮಂಚದ ಮೇಲೆ ಅಡ್ಡಡ್ಡ ಮಲಗಿದೆವು, ಅತ್ತೆ ನಡುವೆ. ಸ್ವಲ್ಪ ಹೊತ್ತಿಗೆಲ್ಲ ಅತ್ತೆ, "ಚಳಿ ಕಣೇ," ಎಂದು ಮಗಳ ಸೆರಗನ್ನು ಎಳೆದುಕೊಂಡು ಹೊದ್ದರು.